ಮೆಟ್ಟಿಲ ಮೇಲಿನ ಪೋಲಿ

ಹೂಗುಚ್ಛ ಕಟ್ಟುವವರ ಮನಸ್ಸೂ ಹೂವಿನಂತೆ ಮೆತ್ತಗಿರುತ್ತದೆ ಎಂದು ಯಾರಾದರೂ ನಂಬಿದ್ದರೆ ಅವರು ಈ ತಂಗಿಯನ್ನು ನೋಡಿಲ್ಲ ಎಂದೇ ಅರ್ಥ. ಇಪ್ಪತ್ತೆರಡು ವರ್ಷ ಒಂದೇ ಅಂಗಡಿಯಲ್ಲಿ ಗುಲಾಬಿಯ ಮುಳ್ಳು ಸವರಿ, ತಂತಿ ಸುತ್ತಿ, ರಿಬ್ಬನ್ ಬಿಗಿದು ಅವಳ ಬೆರಳುಗಳು ಹಳೇ ಚಪ್ಪಲಿಯ ಹಾಗೆ ಒರಟಾಗಿದ್ದವು. ಕೋಪವಂತೂ ಮೂಗಿನ ತುದಿಯಲ್ಲೇ. ಅಂಗಡಿಯವರು ಬೆನ್ನ ಹಿಂದೆ ಅವಳಿಗೆ ಇಟ್ಟಿದ್ದ ಹೆಸರು ಮೆಣಸಿನಕಾಯಿ. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಳು, ಯಾಕೆಂದರೆ ಆ ಹೆಸರಿನ ದೆಸೆಯಿಂದ ಅರ್ಧ ಕೆಲಸ ಕೇಳದೆಯೇ ಆಗಿಬಿಡುತ್ತಿತ್ತು.

ಮನೆಯಲ್ಲಿ ಅವಳು, ಅವಳ ಅಕ್ಕ, ಎರಡು ಬೆಕ್ಕು. ಎರಡನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಹಿಂಬದಿಗೆ ತುಕ್ಕು ಹಿಡಿದ ಕಬ್ಬಿಣದ ಮೆಟ್ಟಿಲು. ಅಕ್ಕ ಮೂವತ್ತು ವರ್ಷ ಟೆಲಿಫೋನ್ ಆಫೀಸಿನಲ್ಲಿ ಕೂತು ಊರಿನವರ ಮಾತನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಿದವಳು. ಮಂಡಿ ಸವೆದ ಮೇಲೆ ಕಿಟಕಿ ಪಕ್ಕದ ಕುರ್ಚಿ ಹಿಡಿದವಳು ಬೀದಿಗೆ ಇಳಿದೇ ಇರಲಿಲ್ಲ. ಬೆಕ್ಕುಗಳು ಅವಳವು. ಬೂದು ಬಣ್ಣದ ಗಂಡಿಗೆ ಸಾಹೇಬ ಎಂದು ಹೆಸರು. ಸೋಫಾದಿಂದ ಏಳಬೇಕಾದರೂ ಅರ್ಧ ಗಂಟೆ ಯೋಚನೆ ಮಾಡುವ ಪೈಕಿ. ಬಿಳಿಯ ಹೆಣ್ಣು ಚಿಕ್ಕಿ. ಯಾರೋ ದೊಡ್ಡ ನೆಂಟರು ಬರುವವರಿದ್ದಾರೆ ಎಂಬಂತೆ ಬೆಳಗಿನಿಂದ ಸಂಜೆವರೆಗೂ ಮೈ ನೆಕ್ಕಿಕೊಳ್ಳುವುದೇ ಅದರ ಉದ್ಯೋಗ.

ಹತ್ತು ವರ್ಷದಿಂದ ಇವುಗಳ ಕಕ್ಕಸಿನ ಮರಳಿನ ತಟ್ಟೆ ತೊಳೆಯುತ್ತಿದ್ದವಳು ತಂಗಿ. ಪ್ರೀತಿ ಮಾತ್ರ ಪೂರಾ ಅಕ್ಕನಿಗೆ. ತಂಗಿ ಕೆಲಸದಿಂದ ಬಂದರೆ ಸಾಹೇಬ ಮುಖ ತಿರುಗಿಸುತ್ತಿತ್ತು, ಚಿಕ್ಕಿ ಮಂಚದಡಿ ಸೇರುತ್ತಿತ್ತು. ಮನೆ ಅಕ್ಕನ ಹೆಸರಿನಲ್ಲಿ, ಮಂಚ ಅಕ್ಕ ಕೊಂಡದ್ದು, ಪಾತ್ರೆ, ಪರದೆ, ಟವೆಲ್ಲು ಎಲ್ಲ ಅಕ್ಕನವು. ನಲವತ್ತಾರು ವರ್ಷಕ್ಕೆ ಇದು ನನ್ನದು ಎಂದು ಬೆರಳು ತೋರಿಸಲು ಆ ಮನೆಯಲ್ಲಿ ಅವಳಿಗೆ ಒಂದೂ ಇರಲಿಲ್ಲ. ಈ ಸಿಟ್ಟನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಸಣ್ಣವಳಾಗುತ್ತೇನೆ ಎಂಬ ಸಿಟ್ಟು ಬೇರೆ.

ಪೋಲಿ ಬಂದದ್ದು ಬೇಸಗೆಯ ಒಂದು ಸಂಜೆ. ಕಸದ ಚೀಲ ಇಡಲು ಹಿಂಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಕೂತಿತ್ತು. ಕಂದು ಮೈಗೆ ಕಪ್ಪು ಪಟ್ಟೆ, ಒಂದು ಕಿವಿ ಅರ್ಧ ಮಾತ್ರ, ಮೂಗಿನ ಮೇಲೆ ಹಳೇ ಗೀರು.

"ಏನೋ ಪೋಲಿ, ನಿಮ್ಮಪ್ಪ ಕಟ್ಸಿದ ಮೆಟ್ಲಾ ಇದು?" ಎಂದು ಗದರಿದಳು.

ಅದು ಓಡಲಿಲ್ಲ. ಕೂತಲ್ಲಿಂದಲೇ ಬಾಯಿ ತೆರೆದು, ಅಷ್ಟೇ ಜೋರಾಗಿ ತಿರುಗಿ ಬೈಯಿತು. ತಂಗಿ ತಬ್ಬಿಬ್ಬಾದಳು. ಅವಳು ಗದರಿದರೆ ಅಂಗಡಿಯ ಯಜಮಾನನೇ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಈ ಅರ್ಧ ಕಿವಿಯ ಪ್ರಾಣಿ ಕ್ಯಾರೇ ಅನ್ನಲಿಲ್ಲ. ಒಳಗೆ ಹೋಗಿ ಸಾಹೇಬ ಮೂಸಿ ಬಿಟ್ಟಿದ್ದ ಮೀನಿನ ಚೂರನ್ನು ತಂದು, "ತಗೋ, ತಿಂದು ತೊಲಗು" ಎಂದು ನಾಲ್ಕನೇ ಮೆಟ್ಟಿಲಿಗೆ ಎಸೆದಳು. ತಿಂದಿತು. ತೊಲಗಲಿಲ್ಲ.

ಆಮೇಲೆ ದಿನವೂ ಅದೇ ಆಯಿತು. ಬಟ್ಟಲು ಒಂದೊಂದೇ ಮೆಟ್ಟಿಲು ಮೇಲೇರಿತು, ವಾರಕ್ಕೊಂದು ಮೆಟ್ಟಿಲು. ಅವಳು ಕೆಲಸದ ಏಪ್ರನ್ ಕೂಡ ಬಿಚ್ಚದೆ ಹೊಸ್ತಿಲ ಮೇಲೆ ಕೂತು, ಆ ದಿನದ ಗಿರಾಕಿಗಳನ್ನೆಲ್ಲ ಒಬ್ಬೊಬ್ಬರಾಗಿ ಹಿಡಿದು ಝಾಡಿಸುತ್ತಿದ್ದಳು. ಹೆಂಡತಿಗೆ ಅಂತ ಹೇಳಿ ಅಗ್ಗದ ಹೂವು ಒಯ್ದವನು, ಗುಲಾಬಿ ಹಳದಿ ಯಾಕಿದೆ ಎಂದು ಜಗಳಕ್ಕೆ ಬಂದವಳು. ಪೋಲಿ ತಿಂದು ಮುಗಿಸಿ ಎಲ್ಲವನ್ನೂ ಕೇಳುತ್ತಿತ್ತು. ಎಂಟನೇ ವಾರ ಅದು ಎದ್ದು ಬಂದು ಅವಳ ಮೊಣಕಾಲಿಗೆ ತಲೆ ಗುದ್ದಿತು. ಅವಳ ಕೈ ತಾನಾಗಿ ಅದರ ತಲೆಗೆ ಹೋಯಿತು. ಹೋದದ್ದಕ್ಕೆ ಸಿಟ್ಟೂ ಬಂತು. "ಥೂ, ಏನ್ ಗಬ್ಬು ನಾರ್ತೀಯೋ" ಎಂದಳು. ಕೈ ಮಾತ್ರ ಅದರ ತಲೆಯ ಮೇಲಿಂದ ತೆಗೆಯಲಿಲ್ಲ.

ಚಳಿ ಶುರುವಾಗುವುದರೊಳಗೆ ಪೋಲಿಯನ್ನು ಒಳಗೆ ತರಬೇಕು ಎಂದು ಅವಳು ತೀರ್ಮಾನಿಸಿದಳು. ಅಕ್ಕನ ಮುಂದೆ ಹೇಳಲು ಮೂರು ದಿನ ಬೇಕಾಯಿತು.

"ಬೀದಿ ಬೆಕ್ಕನ್ನ ನನ್ನ ಮಕ್ಕಳ ಮಧ್ಯೆ ಬಿಡ್ತೀಯಾ?" ಎಂದಳು ಅಕ್ಕ.

"ಹತ್ತು ವರ್ಷ ನಿನ್ನ ಮಕ್ಕಳ ಹೇಲು ಬಳಿದಿದೀನಿ. ನನಗೂ ಒಂದು ಇರ್ಲಿ."

ಅಕ್ಕ ಸಾಹೇಬನನ್ನು ತೊಡೆಯ ಮೇಲೆ ಎಳೆದುಕೊಂಡಳು. "ಡಾಕ್ಟ್ರಿಗೆ ತೋರ್ಸು. ಆಮೇಲೆ ನೋಡೋಣ. ಆದ್ರೆ ಒಂದು ಮಾತು, ಪುಟ್ಟಿ. ಇವೆರಡಕ್ಕೆ ಏನಾದ್ರೂ ಆದ್ರೆ ಅದು ಹೊರಗೆ. ಮತ್ತೆ ಮಾತಿಲ್ಲ."

"ಆಗ್ಲಿ."

ಬೆಕ್ಕಿನ ಡಾಕ್ಟ್ರಮ್ಮ ರಕ್ತ ಪರೀಕ್ಷೆ ಮಾಡಿದರು, ಸೂಜಿ ಚುಚ್ಚಿದರು, ಇದು ನಿಮಗಿಂತ ಗಟ್ಟಿಯಾಗಿದೆ ಎಂದರು. ಒಳಗಿನ ಬೆಕ್ಕುಗಳಿಗೆ ಒಗ್ಗಿಸುವ ದಾರಿಯನ್ನೂ ಹೇಳಿಕೊಟ್ಟರು. "ಬೆಕ್ಕಿಗೆ ಮುಖಕ್ಕಿಂತ ಮೊದಲು ವಾಸನೆ ಪರಿಚಯ ಆಗ್ಬೇಕು. ದಿನಾ ಒಂದು ಬಟ್ಟೆಯಿಂದ ಇದರ ಕೆನ್ನೆ ಒರೆಸಿ, ಆ ಬಟ್ಟೇನ ಒಳಗಿನವುಗಳ ಹತ್ರ ಬಿಡಿ. ಎರಡು ವಾರ. ಆಮೇಲೆ ಬಾಗಿಲು ತೆಗೀರಿ."

ಬಟ್ಟೆ ಯಾವುದು? ಅಲಮಾರಿಯಿಂದ ಟವೆಲ್ ಎಳೆದರೆ ಅಕ್ಕ ಕೂತಲ್ಲಿಂದಲೇ ಕೂಗಿದಳು: "ಆ ಬೀದಿ ಕೊಳೆನ ನನ್ನ ಟವೆಲ್ಲಿಗೆ ಒರೆಸ್ಬೇಡ." ಮೈ ಉರಿಯಿತು. ಆ ಮನೆಯಲ್ಲಿ ಉಡುವುದು ಬಿಟ್ಟರೆ ಅವಳದೇ ಎನ್ನಬಹುದಾದ ಬಟ್ಟೆ ಒಂದೇ ಇತ್ತು: ಅಂಗಡಿಯ ದಪ್ಪ ಹಸಿರು ಏಪ್ರನ್, ಎದುರಿಗೆ ಎರಡು ದೊಡ್ಡ ಜೇಬು. ಅದರ ಒಳಮೈಯಿಂದ ಪೋಲಿಯ ಕೆನ್ನೆ, ಕುತ್ತಿಗೆ ಒರೆಸಿ ಒಳಗಿನ ಬೆತ್ತದ ಕುರ್ಚಿಯ ಮೇಲೆ ಹಾಸತೊಡಗಿದಳು. ಮೊದಲ ದಿನ ಸಾಹೇಬ ಏಪ್ರನ್ನಿಗೆ ಬುಸ್ಸೆಂದಿತು. ನಾಲ್ಕನೇ ದಿನ ಮೂಸಿ ನೋಡಿತು. ಹತ್ತನೇ ದಿನ ಚಿಕ್ಕಿ, ತಂಗಿಯ ನೆರಳು ಕಂಡರೆ ಮಂಚದಡಿ ಓಡುತ್ತಿದ್ದ ಆ ಚಿಕ್ಕಿ, ಏಪ್ರನ್ನಿನ ಮೇಲೆ ಸುತ್ತಿಕೊಂಡು ಮಲಗಿಬಿಟ್ಟಿತು. ತಂಗಿಗೆ ಆ ಸಂಜೆ ಆದಷ್ಟು ಸಂತೋಷ ಬಹಳ ವರ್ಷದಿಂದ ಆಗಿರಲಿಲ್ಲ. ಇನ್ನು ನಾಲ್ಕೇ ದಿನ ಎಂದು ಪೋಲಿಗೆ ಹೇಳಿ ಬಂದಳು.

ಮರುದಿನ ದೊಡ್ಡ ಹೋಟೆಲೊಂದರ ಹಾಲ್‌ನಲ್ಲಿ ಮದುವೆಯ ಅಲಂಕಾರ. ಬಿಳಿ ಪರದೆ, ಬಿಳಿ ಹಾಸು, ಆರು ನೂರು ಬಿಳಿ ಲಿಲ್ಲಿ. ಲಿಲ್ಲಿ ಹೂವಿನೊಳಗೆ ಆರು ಕಡ್ಡಿ, ಕಡ್ಡಿಯ ತುದಿಯಲ್ಲಿ ಕಂದು ಕೇಸರ. ಅದರ ಪುಡಿ ಬಟ್ಟೆಗೆ ತಾಗಿದರೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಹಾಗಾಗಿ ಹೂವು ಬಿರಿಯುತ್ತಿದ್ದಂತೆ ಆ ಕೇಸರವನ್ನು ಬೆರಳಿನಲ್ಲಿ ಚಿವುಟಿ ತೆಗೆಯಬೇಕು. ಬಿಳಿ ಹಾಸಿನ ಮೇಲೆ ಎಸೆಯುವ ಹಾಗಿಲ್ಲ. ಏಪ್ರನ್ನಿನ ಜೇಬಿಗೆ ಹಾಕಿಕೊಳ್ಳಬೇಕು. ಈ ಕಸುಬಿನವರೆಲ್ಲ ಮಾಡುವುದೇ ಅದು. ಸಂಜೆ ಜೇಬು ಕೊಡವಿ, ಕಾಲು ನೋವಿಗೆ ಇಡೀ ಮದುವೆಯನ್ನೇ ಶಪಿಸುತ್ತ ಮನೆಗೆ ಬಂದಳು. ಏಪ್ರನ್ನಿನ ಒಳಮೈಯಿಂದ ಪೋಲಿಯನ್ನು ಒರೆಸಿದಳು. ದಣಿವಿನಲ್ಲಿ ಲಕ್ಷ್ಯವಿಲ್ಲದೆ ಹೊರಮೈ ಮೇಲಾಗಿ ಕುರ್ಚಿಯ ಮೇಲೆ ಹಾಸಿದಳು. ಚಿಕ್ಕಿ ಬಂದು ಮಲಗಿತು, ಎದ್ದು ಎಂದಿನಂತೆ ಉಗುರಿನ ಸಂದಿಯವರೆಗೂ ಮೈಯೆಲ್ಲ ನೆಕ್ಕಿಕೊಂಡಿತು.

ಬೆಳಿಗ್ಗೆ ಚಿಕ್ಕಿ ಎರಡು ಸಲ ವಾಂತಿ ಮಾಡಿತು.

"ಶುರುವಾಯ್ತು" ಎಂದಳು ಅಕ್ಕ. "ನಿನ್ನ ಪೋಲಿ ತಂದ ರೋಗ."

"ಕೂದಲು ನುಂಗಿರುತ್ತೆ. ದಿನಾ ನೆಕ್ಕೋದು ಅದೇ ತಾನೆ. ಬೇಕಾದ್ರೆ ಡಾಕ್ಟ್ರ ಹತ್ರ ಒಯ್ತೀನಿ."

"ಹುಟ್ಟಿದಾಗಿಂದ ಬಾಗಿಲು ದಾಟಿಲ್ಲ ಅವಳು, ಹೆದರಿಕೆಗೇ ಸತ್ತು ಹೋಗ್ತಾಳೆ. ಮೊದ್ಲು ಹೊರಗಿರೋ ಅದನ್ನ ಕಳಿಸು. ತಾನಾಗೇ ಸರಿ ಹೋಗತ್ತೆ."

ಮಾತಿಗೆ ಮಾತು ಬೆಳೆಯಿತು. ಡಾಕ್ಟ್ರು ಪೋಲಿಯಲ್ಲಿ ರೋಗವಿಲ್ಲ ಎಂದಿದ್ದಾರೆ ಎಂದು ತಂಗಿ. ಡಾಕ್ಟ್ರಿಗೇನು ಗೊತ್ತು ಎಂದು ಅಕ್ಕ. ಇಬ್ಬರೂ ಗೆಲ್ಲುವ ಹಟಕ್ಕೆ ಬಿದ್ದರು. ಬೆಕ್ಕು ನೀರಿನ ಬಟ್ಟಲ ಮುಂದೆ ಕೂತಿತ್ತು, ಅದರ ಕಡೆ ಯಾರೂ ನೋಡಲಿಲ್ಲ. ತಂಗಿ ಬಾಗಿಲು ಧಡಾರೆಂದು ಎಳೆದುಕೊಂಡು ಕೆಲಸಕ್ಕೆ ಹೋದಳು.

ಎರಡನೇ ದಿನ ಸಂಜೆ ಬಟ್ಟಲು ಹಿಡಿದು ಹಿಂಬಾಗಿಲು ತೆಗೆದರೆ ಮೆಟ್ಟಿಲು ಖಾಲಿ. ಕರೆದಳು. ಕೆಳಗಿಳಿದು ಕಸದ ಡಬ್ಬಿಗಳ ಹಿಂದೆಲ್ಲ ಹುಡುಕಿದಳು. ಮೇಲೆ ಬಂದರೆ ಅಕ್ಕ ತಲೆ ಎತ್ತದೆ ಹೇಳಿದಳು: "ಕೆಳಮನೆ ಟ್ಯಾಕ್ಸಿಯವನ ಕೈಲಿ ಕಳಿಸ್ದೆ. ಮಾತು ಆಗಿತ್ತಲ್ಲ."

"ಎಲ್ಲಿಗೆ?"

"ದೂರ."

ತಂಗಿಗೆ ಕೋಪ ನೆತ್ತಿಗೇರಿತು. ಕೈಯಲ್ಲಿದ್ದ ಬಟ್ಟಲನ್ನು ಗೋಡೆಗೆ ಬೀಸಿದಳು. ಮೂರು ತಿಂಗಳು ಒಂದೊಂದೇ ಮೆಟ್ಟಿಲು ಹತ್ತಿಸಿ ತಂದ ಪ್ರಾಣಿ. ಮನುಷ್ಯರ ಕೈ ನಂಬಬಹುದು ಎಂದು ಅದಕ್ಕೆ ಕಲಿಸಿದವಳು ಅವಳೇ. ಅದಕ್ಕೇ ಅಲ್ಲವೇ ಅದು ಟ್ಯಾಕ್ಸಿಯವನ ಕೈಗೂ ಸಿಕ್ಕಿದ್ದು. ಬಾಯಿಗೆ ಬಂದದ್ದೆಲ್ಲ ಅಂದಳು. "ಮೂವತ್ತು ವರ್ಷ ಊರವ್ರ ಮಾತೆಲ್ಲ ಕೇಳ್ದೆ. ಈಗ ನಿನ್ನ ಜೊತೆ ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ. ಯಾಕೆ ಅಂತ ಈಗ ಗೊತ್ತಾಯ್ತು" ಎಂದಳು. ಅಕ್ಕ ಚಿಕ್ಕಿಯನ್ನು ಎದೆಗೊತ್ತಿಕೊಂಡು ಅದರ ಬೆನ್ನು ಸವರತೊಡಗಿದಳು. ಅದನ್ನು ಕಂಡು ಇನ್ನಷ್ಟು ರೇಗಿ ತಂಗಿ ಹೇಳಿದಳು: "ಸಾಯ್ಲಿ ನಿನ್ನ ಚಿಕ್ಕಿ."

ಮೂರನೇ ದಿನ ಬೆಳಿಗ್ಗೆ ಚಿಕ್ಕಿ ಬಟ್ಟಲ ಮುಂದೆ ಅಡ್ಡ ಬಿದ್ದಿತ್ತು. ತುಪ್ಪಳ ಒಣಹುಲ್ಲಿನಂತಾಗಿತ್ತು. ಹತ್ತು ವರ್ಷದಲ್ಲಿ ಮೊದಲ ಸಲ ಅದು ಮೈ ನೆಕ್ಕಿಕೊಂಡಿರಲಿಲ್ಲ. ಅಕ್ಕ ಬುಟ್ಟಿಯನ್ನು ಮುಂದೆ ತಳ್ಳಿದಳು. ತಂಗಿ ಚಿಕ್ಕಿಯನ್ನು ಅದರಲ್ಲಿ ಮಲಗಿಸಿ ಎತ್ತಿಕೊಂಡಳು.

ಡಾಕ್ಟ್ರಮ್ಮ ರಕ್ತದ ವರದಿ ನೋಡಿ ಹುಬ್ಬು ಗಂಟಿಕ್ಕಿದರು. "ಮೂತ್ರಪಿಂಡ ಎರಡೂ ನಿಂತು ಹೋಗಿವೆ. ಮನೇಲಿ ಲಿಲ್ಲಿ ಹೂವು ಇಟ್ಟಿದ್ರಾ?"

"ನಮ್ಮನೇಲಿ ಒಂದು ಎಸಳೂ ಇಲ್ಲ" ಎಂದು ತಂಗಿ ರೇಗಿದಳು. "ದಿನವಿಡೀ ಅದರ ಮುಖ ನೋಡಿ ಸಾಕಾಗಿರತ್ತೆ, ಮನೆಗೂ ಹೊತ್ಕೊಂಡು ಬರ್ತೀನಾ?"

"ಯಾಕೆ ಕೇಳ್ದೆ ಅಂದ್ರೆ, ಬೆಕ್ಕಿಗೆ ಅದು ವಿಷ. ಹೂವೇ ತಿನ್ಬೇಕು ಅಂತಿಲ್ಲ. ಪುಡಿ ಮೈಗೆ ಹತ್ತಿ ನೆಕ್ಕಿದ್ರೆ ಸಾಕು." ಡಾಕ್ಟ್ರಮ್ಮ ಚಿಕ್ಕಿಯ ಮುಂಗಾಲನ್ನು ದೀಪದ ಕೆಳಗೆ ಹಿಡಿದು ಬೆರಳಿನ ಸಂದಿ ಬಿಡಿಸಿದರು. "ಇದೇನು?"

ಬಿಳಿ ಕೂದಲಿನ ಬುಡದಲ್ಲಿ ತುಕ್ಕಿನ ಬಣ್ಣದ ಕಲೆ. ಜಗತ್ತಿನಲ್ಲಿ ಬೇರೆ ಯಾರಿಗೆ ಗೊತ್ತಾಗದಿದ್ದರೂ ಆ ಬಣ್ಣ ಅವಳಿಗೆ ಗೊತ್ತಾಗಬೇಕು. ಇಪ್ಪತ್ತೆರಡು ವರ್ಷದಿಂದ ಅವಳ ಉಗುರಿನಲ್ಲಿದ್ದ ಬಣ್ಣ ಅದು. ತೊಡೆಯ ಮೇಲಿದ್ದ ಚೀಲದಲ್ಲಿ ಹಸಿರು ಏಪ್ರನ್ ಇತ್ತು. ತೆಗೆದು ನೋಡಬೇಕಾಗಿಯೇ ಇರಲಿಲ್ಲ.

"ಮೊದಲನೇ ದಿನವೇ ತಂದಿದ್ರೆ..." ಎಂದರು ಡಾಕ್ಟ್ರಮ್ಮ.

"ತಂದಿದ್ರೆ?"

"ಉಳಿಸ್ಬಹುದಿತ್ತೇನೋ."

ನಾಲ್ಕನೇ ದಿನ ಮಧ್ಯಾಹ್ನ ಚಿಕ್ಕಿ ಹೋಯಿತು. ಬುಟ್ಟಿಯನ್ನು ತಂದು ಅಕ್ಕನ ಕಾಲ ಬಳಿ ಇಟ್ಟಾಗ ಅಕ್ಕ ಮುಚ್ಚಳ ತೆಗೆದು, ಸತ್ತ ಬೆಕ್ಕಿನ ಕಿವಿ ಸರಿ ಮಾಡಿ, ಮೆಲ್ಲಗೆ ಹೇಳಿದಳು: "ನಿನ್ನ ಪೋಲಿ ಕೊಂದೇಬಿಟ್ಟ."

ತಂಗಿ ಬಾಯಿ ತೆರೆದಳು. ಯಾವಾಗಲೂ ಬಾಯಿ ತೆರೆಯುವ ಮೊದಲೇ ಹೊರಗೆ ಬಂದು ನಿಂತಿರುತ್ತಿದ್ದ ಮಾತು ಅಂದು ಬರಲಿಲ್ಲ. ಅವಳು ಅಡುಗೆಮನೆಗೆ ಹೋದಳು.

ಅಲ್ಲಿಂದ ಶುರುವಾದ ದಿನಗಳಲ್ಲಿ ಅವಳು ಕೋಪ ಮಾಡಿಕೊಳ್ಳದವರು ಉಳಿಯಲಿಲ್ಲ. ಲಿಲ್ಲಿಯೇ ಬೇಕೆಂದು ಹಟ ಹಿಡಿದ ಮದುವೆ ಹುಡುಗಿ ಹಾಳಾಗಿ ಹೋಗಲಿ ಎಂದಳು. ವಾಸನೆ ಗೀಸನೆ ಎಂದು ಬುದ್ಧಿ ಹೇಳಿಕೊಟ್ಟ ಡಾಕ್ಟ್ರಮ್ಮನನ್ನು ಬೈದಳು. ಒಂದು ಹಳೇ ಟವೆಲ್ ಕೊಟ್ಟಿದ್ದರೆ ಅಕ್ಕನ ಗಂಟೇನು ಹೋಗುತ್ತಿತ್ತು ಎಂದು ಹಲ್ಲು ಕಡಿದಳು. ಇದೆಲ್ಲದರಲ್ಲೂ ಒಂದಿಷ್ಟು ನಿಜವಿತ್ತು, ಅದೇ ಕಷ್ಟ. ಯಾರ ಮೇಲೆ ಹೊರಿಸಿದರೂ ಕೊನೆಗೆ ಏಪ್ರನ್ ಅವಳದೇ, ಹಾಸಿದ ಕೈ ಅವಳದೇ, ಸಾಯಲಿ ಎಂದ ಬಾಯಿ ಅವಳದೇ. ಅಕ್ಕ ಊಟಕ್ಕೆ ಕೂತಾಗಲೆಲ್ಲ ಆ ಬೀದಿ ಬೆಕ್ಕಿನ ವಂಶ ನಿರ್ವಂಶವಾಗಲಿ ಎನ್ನುತ್ತಿದ್ದಳು. ತಂಗಿ ತಟ್ಟೆ ನೋಡುತ್ತ ತುತ್ತು ನುಂಗುತ್ತಿದ್ದಳು. ನಿಜ ಹೇಳದಿದ್ದರೆ ಪೋಲಿ ಈ ಮನೆಗೆ ಎಂದೂ ಬರುವಂತಿಲ್ಲ. ಹೇಳಿದರೆ ತಾನು ಈ ಮನೆಯಲ್ಲಿ ಏನಾಗಿ ಇರುವುದು?

ಟ್ಯಾಕ್ಸಿಯವನನ್ನು ಮಾತ್ರ ಚಿಕ್ಕಿ ಸತ್ತ ಮರುದಿನವೇ ಹಿಡಿದಿದ್ದಳು. "ದೊಡ್ಡಕ್ಕ ಹೇಳಿದ್ರು, ನಾನು ಮಾಡ್ದೆ" ಎಂದ ಅವನು, ಎರಡು ಹೆಜ್ಜೆ ದೂರ ನಿಂತು. "ಒಳ್ಳೆ ಜಾಗ ನೋಡೇ ಬಿಟ್ಟಿದೀನಿ ಅಕ್ಕ. ಮಾರ್ಕೆಟ್ ಆಚೆ ಮರದ ಡಿಪೋ. ಇಲಿ ಬೇಕಾದಷ್ಟಿವೆ."

"ಹಂಗಾದ್ರೆ ನೀನೂ ಅಲ್ಲೇ ಇರು, ಬಾ" ಎಂದು ಅವನನ್ನು ಕೂರಿಸಿಕೊಂಡು ಹೊರಟಳು. ಎರಡು ಸಂಜೆ ಏನೂ ಸಿಗಲಿಲ್ಲ. ಹಲಗೆಯ ರಾಶಿಗಳ ನಡುವೆ ಅವಳು ಕರೆಯುತ್ತ ನಡೆದರೆ ಕಾವಲುಗಾರ ನಕ್ಕ. ಅವನಿಗೂ ಸರಿಯಾಗಿ ಬೈಗುಳ ಬಿತ್ತು. ಮೂರನೇ ಸಲ, ರಜೆಯ ದಿನ ಬೆಳಿಗ್ಗೆ, ತೊಲೆಗಳ ಅಡಿಯಲ್ಲಿ ಅರ್ಧ ಕಿವಿ ಕಂಡಿತು. ಬಡಕಲಾಗಿತ್ತು, ಮುಂಗಾಲು ಊರುತ್ತಿರಲಿಲ್ಲ. ಅವಳನ್ನು ನೋಡಿತು, ಬರಲಿಲ್ಲ. ಅವಳು ಮರದ ಹೊಟ್ಟಿನ ಮೇಲೆ ಕೂತಳು. ಬೈಯಲಿಲ್ಲ, ಕರೆಯಲಿಲ್ಲ. ಒಂದು ಗಂಟೆ ಕಳೆದ ಮೇಲೆ ಅದು ಕುಂಟುತ್ತ ಬಂದು ಎರಡು ಅಡಿ ದೂರದಲ್ಲಿ ಕೂತಿತು. ಆಗ ಅವಳಿಗೆ ಅಳು ಬಂತು, ಟ್ಯಾಕ್ಸಿಯವನು ನೋಡುತ್ತಿದ್ದಾನೆ ಎಂದು ಲೆಕ್ಕಿಸದೆ ಅತ್ತಳು.

ವಾಪಸ್ ಬರುವಾಗ ಪೋಲಿ ರಟ್ಟಿನ ಪೆಟ್ಟಿಗೆಯಲ್ಲಿ ಅವಳ ತೊಡೆಯ ಮೇಲಿತ್ತು. ಟ್ಯಾಕ್ಸಿಯವನು ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದವನು ಕೊನೆಗೆ ಹೇಳಿದ: "ಅಕ್ಕ, ಬೇಕಾದ್ರೆ ನಮ್ಮನೇಲೇ ಇಟ್ಕೊಳ್ತೀನಿ. ನೀವು ದಿನಾ ಬಂದು ನೋಡ್ಕೊಳ್ಳಿ. ದೊಡ್ಡಕ್ಕನಿಗೆ ಏನೂ ಹೇಳ್ಬೇಕಾಗಿಲ್ಲ."

ದೊಡ್ಡಕ್ಕನಿಗೆ ಏನೂ ಹೇಳಬೇಕಾಗಿಲ್ಲ. ಪೋಲಿ ಉಳಿಯುತ್ತದೆ, ಅವಳೂ ಉಳಿಯುತ್ತಾಳೆ. ಕೊಲೆಯೊಂದು ಬೆಕ್ಕಿನ ತಲೆಯ ಮೇಲೆ ಇದ್ದರೆ ಬೆಕ್ಕಿಗೇನು ನಷ್ಟ? ಆ ಮಾತು ಎಷ್ಟು ಹಿತವಾಗಿ ಕೇಳಿಸಿತೆಂದರೆ ಅವಳಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. "ನೀನು ಸುಮ್ನೆ ರಸ್ತೆ ನೋಡು" ಎಂದಳು.

ಅಕ್ಕ ಕೋಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಕಿಟಕಿಯಿಂದ ಎಲ್ಲವನ್ನೂ ನೋಡಿದ್ದಳು.

"ತಂದ್ಯಾ ಅದನ್ನ?"

"ತಂದೆ."

"ಕೊಂದವನನ್ನ ಮತ್ತೆ ನನ್ನ ಮನೆಗೆ ತಂದ್ಯಾ?"

"ಕೊಂದಿದ್ದು ಇದಲ್ಲ, ನಾನು" ಎಂದಳು ತಂಗಿ. ದನಿ ತಾನಾಗಿಯೇ ಏರಿತು. ಸಿಟ್ಟು ಮಾಡದೆ ಹೇಳುವುದು ಅವಳಿಗೆ ಬರುತ್ತಲೇ ಇರಲಿಲ್ಲ. "ನನ್ನ ಏಪ್ರನ್ನು. ಲಿಲ್ಲಿ ಪುಡಿ ಇತ್ತು ಅದರಲ್ಲಿ. ಬೆಕ್ಕಿಗೆ ಅದು ವಿಷ ಅಂತೆ. ನಾನೇ ತಂದು ಕುರ್ಚಿ ಮೇಲೆ ಹಾಸ್ದೆ, ಅವಳು ಅದರ ಮೇಲೆ ಮಲಗಿ ನೆಕ್ಕಿದ್ಲು. ಇದಕ್ಕೆ ಯಾವ ರೋಗವೂ ಇಲ್ಲ. ಬೈಯೋದಾದ್ರೆ ನನ್ನ ಬೈ. ಹೊಡೆಯೋದಾದ್ರೂ ಹೊಡಿ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ತಂಗಿಗೆ ಎಷ್ಟೋ ಹಗುರಾಗುತ್ತಿತ್ತು.

"ಯಾವಾಗ ಗೊತ್ತಾಯ್ತು ನಿನಗೆ?" ಎಂದು ಕೇಳಿದಳು.

"ಡಾಕ್ಟ್ರ ಹತ್ರ ಹೋದ ದಿನ."

"ಆಗ್ಲೇ?" ಅಕ್ಕ ಕೋಲನ್ನು ಇನ್ನೊಂದು ಕೈಗೆ ಬದಲಿಸಿದಳು. "ಇಷ್ಟು ದಿನ ನಾನು ಇದಕ್ಕೆ ಶಾಪ ಹಾಕ್ತಾ ಕೂತಿದ್ದೆ. ನೀನು ಎದುರಿಗೆ ಕೂತು ಊಟ ಮಾಡ್ತಿದ್ದೆ."

ತಂಗಿ ಪೆಟ್ಟಿಗೆಯನ್ನು ಹೊಸ್ತಿಲ ಹೊರಗೆ ನೆಲಕ್ಕಿಟ್ಟಳು.

ಅಕ್ಕ ಗೋಡೆ ಹಿಡಿದು, ಬಾಗದ ಮಂಡಿಯನ್ನು ಬಾಗಿಸಿ, ಪೆಟ್ಟಿಗೆಯ ಮುಚ್ಚಳ ತಾನೇ ಸರಿಸಿದಳು. ಪೋಲಿ ಅವಳನ್ನು ನೋಡಿತು. ಅವಳು ಅದರ ಊದಿದ ಕಾಲನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಇದನ್ನ ಒಳಗೆ ಇಡು" ಎಂದಳು.

ತಂಗಿ ಪೆಟ್ಟಿಗೆಯನ್ನು ಹೊಸ್ತಿಲ ಒಳಗೆ ಇಟ್ಟಳು. ತಾನೂ ಕಾಲೆತ್ತಿದಾಗ ಅಕ್ಕನ ಕೋಲು ಅಡ್ಡ ಬಂತು.

"ನೀನು ಹೊರಗಿರು."

"ಎಷ್ಟು ಹೊತ್ತು?"

"ಗೊತ್ತಿಲ್ಲ" ಎಂದಳು ಅಕ್ಕ, ಸಿಟ್ಟಿಲ್ಲದ ದನಿಯಲ್ಲಿ, ಮತ್ತು ಬಾಗಿಲು ಹಾಕಿಕೊಂಡಳು. ಒಳಗೆ ಸಾಹೇಬ ಬುಸ್ಸೆಂದದ್ದು ಕೇಳಿಸಿತು. ಹೆದರಬೇಡ, ಬಾ, ಇಲ್ಲಿ ಯಾರೂ ಏನೂ ಮಾಡಲ್ಲ ಎಂದು ಅಕ್ಕ ಪೋಲಿಗೆ ಹೇಳುತ್ತಿದ್ದಳು. ತಂಗಿ ಬಾಗಿಲು ಬಡಿಯಲು ಎತ್ತಿದ ಕೈಯನ್ನು ಇಳಿಸಿ ಅಲ್ಲೇ ನಿಂತಳು.